ಅಪ್ಪನ ತಲೆಗೆ ಬಾಟ್ಲಿ ನೀರು ಹೊಯ್ದದ್ದು ದೀಕ್ಷಾಸ್ನಾನ ಆಗುತ್ತದಾ?

ಕೊನೇಬೆಂಚು

ನಮಸ್ಕಾರ. ಇದನ್ನ ಇಲ್ಲಿ ಹಾಕಬೇಕೋ ಬೇಡವೋ ಅಂತ ಎಂಟು ದಿನ ಯೋಚನೆ ಮಾಡಿದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ. ಅಮ್ಮ ಕೊಂಕಣಿ ಕ್ಯಾಥೊಲಿಕ್. ಅವರ ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಕಾಫಿ ತೋಟಕ್ಕೆ ಬಂದವರು. ಅಪ್ಪ ಹಿಂದೂ. 1987ರಲ್ಲಿ ಮದುವೆ. ಶಿವಮೊಗ್ಗ ಬೇರೆ ಧರ್ಮಕ್ಷೇತ್ರ (ಬಿಷಪರ ಆಡಳಿತದ ಪ್ರದೇಶ) ಆಗಿದ್ದು 1988ರಲ್ಲಿ, ಹಾಗಾಗಿ ಚಿಕ್ಕಮಗಳೂರಿನ ಬಿಷಪರಿಂದ ಅನುಮತಿ ಪತ್ರ ಬರುವ ತನಕ ಕಾದಿದ್ದರಂತೆ. ನಾವು ಮೂವರು ಮಕ್ಕಳಿಗೂ ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ, ಆಯ್ತು. ಅಪ್ಪನಿಗೆ ಆಗಲಿಲ್ಲ. ಮನೆಗೆ ಹಿರೇಮಗ ಅವರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡಬೇಕು, ಚೌಡಿಗೆ ಕಾಯಿ ಒಡೆಯಬೇಕು. 'ಅವ್ವ ಇರೋ ತನಕ ಬೇಡ' ಅಂತಿದ್ದರು. ಅಜ್ಜಿ 2011ರಲ್ಲಿ ತೀರಿಕೊಂಡ ಮೇಲೆ ಫಾದರ್ ಮತ್ತೆ ಕೇಳಿದರು. ಅಪ್ಪ ನಕ್ಕು, 'ದಿನಾ ಬರ್ತಾನೇ ಇದೀನಲ್ಲ ಫಾದರ್' ಅಂದರು. ಮೂವತ್ತು ವರ್ಷದ ಮೇಲೆ ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಕೊನೇ ಬೆಂಚು, ಬಾಗಿಲ ಪಕ್ಕ. ಎಲ್ಲರೂ ಪ್ರಸಾದ ತಗೊಳ್ಳೋಕೆ ಎದ್ದರೆ ಅಪ್ಪ ಕಾಲು ಮಡಿಚಿ ದಾರಿ ಬಿಡುತ್ತಿದ್ದರು.

ಹೋದ ಆಷಾಢದಲ್ಲಿ ಎದೆನೋವು ಬಂತು. ಶಿವಮೊಗ್ಗಕ್ಕೆ ಕರಕೊಂಡು ಹೋಗುವಾಗ ಮಂಡಗದ್ದೆ ದಾಟುತ್ತಿದ್ದ ಹಾಗೆ ಪ್ರಜ್ಞೆ ತಪ್ಪಿತು. ಅಮ್ಮ ಕುಡಿಯೋ ನೀರಿನ ಬಾಟ್ಲಿ ತೆಗೆದು ಅವರ ಹಣೆಗೆ ಮೂರು ಸಲ ಹೊಯ್ದು, ಕೊಂಕಣಿಯಲ್ಲಿ 'ಪಿತ, ಪುತ್ರ, ಪವಿತ್ರಾತ್ಮರ ನಾಮದಲ್ಲಿ' ಅಂತ ಹೇಳಿದರು. ಗಾಜನೂರು ಬರುವಷ್ಟರಲ್ಲಿ ಮುಗಿದಿತ್ತು.

ಚರ್ಚಿನ ಸಿಮಿತ್ರಿಯಲ್ಲೇ ಮಣ್ಣು ಮಾಡಿದೆವು, ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಈಗ ಅಮ್ಮನದು ಒಂದೇ ಪ್ರಶ್ನೆ, ರಾತ್ರಿ ಊಟದ ಹೊತ್ತಿಗೆ: 'ಆ ನೀರು ಸೇರಿತಾ?' ಚಿಕ್ಕಮ್ಮನ ಮಗ ಪೆಂತೆಕೋಸ್ತ್ ಸಭೆಗೆ ಹೋಗುತ್ತಾನೆ. ಅವನು ಅಮ್ಮನ ಎದುರಿಗೇ, 'ದೊಡ್ಡಮ್ಮ, ಅದು ಮಂತ್ರದ ನೀರು ಚಿಮುಕಿಸಿದ ಹಾಗೆ, ಅದರಿಂದ ಏನೂ ಆಗಲ್ಲ' ಅಂದುಬಿಟ್ಟ. ತಿಳಿದವರು ಹೇಳಿ.

ನೈಟ್‌ಡ್ಯೂಟಿ

ಸಮಾಧಾನ ಮಾಡಿಕೊಳ್ಳಿ ಅಣ್ಣ. ನಾನು ನರ್ಸ್. ಉಳಿಯಲ್ಲ ಅನ್ನಿಸಿದ ಹಸುಗೂಸುಗಳಿಗೆ, ತಂದೆತಾಯಿ ಕೇಳಿಕೊಂಡಾಗ, ನಾನೇ ಸಿರಿಂಜಿನಿಂದ ನೀರು ಬಿಟ್ಟು ದೀಕ್ಷಾಸ್ನಾನ ಕೊಟ್ಟಿದ್ದೇನೆ. ಪ್ರಾಣಾಪಾಯದ ಹೊತ್ತಲ್ಲಿ ಯಾರು ಬೇಕಾದರೂ ಕೊಡಬಹುದು, ಫಾದರೇ ಆಗಬೇಕು ಅಂತಿಲ್ಲ. ನೀರು ಹರಿಯಬೇಕು, ಮಾತು ಸರಿ ಇರಬೇಕು, ಅಷ್ಟೆ. ಬಾಟ್ಲಿಯೋ ಬೆಳ್ಳಿ ಗಿಂಡಿಯೋ ಲೆಕ್ಕಕ್ಕಿಲ್ಲ.

ನಿವೃತ್ತ ಉಪದೇಶಿ

ನೈಟ್‌ಡ್ಯೂಟಿ ಅವರು ಹೇಳಿದ್ದು ಸರಿ. ದೀಕ್ಷಾಸ್ನಾನ ಆಗದವರೂ ಕೊಡಬಹುದು, ಧರ್ಮಸಭೆ ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿದ್ದರೆ ಸಾಕು. ಆದರೆ ಕೂಸಿನ ವಿಷಯ ಬೇರೆ, ದೊಡ್ಡವರ ವಿಷಯ ಬೇರೆ. ಕೂಸಿನ ಪರವಾಗಿ ತಂದೆತಾಯಿ ಕೇಳುತ್ತಾರೆ. ದೊಡ್ಡವರು ತಾವೇ ಕೇಳಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 865ನೇ ವಿಧಿ ಸಾಯುವ ಸ್ಥಿತಿಯಲ್ಲಿರುವವರಿಗೆ ಸಡಿಲು ಕೊಡುತ್ತದೆ. ಮುಖ್ಯ ಸತ್ಯಗಳ ಅರಿವು ಒಂದಿಷ್ಟಿರಬೇಕು, ಮತ್ತು 'ನನಗೆ ಬೇಕು' ಅಂತ ಯಾವುದಾದರೂ ರೀತಿಯಲ್ಲಿ ತೋರಿಸಿರಬೇಕು. ಬಾಯಿಬಿಟ್ಟೇ ಹೇಳಿರಬೇಕು ಅಂತಿಲ್ಲ. ಅರಿವಿನ ಮಾತು ಬಿಡಿ, ಅಷ್ಟು ವರ್ಷ ಪ್ರಸಂಗ ಕೇಳಿದವರು. ನನ್ನ ಪ್ರಶ್ನೆ ಎರಡನೆಯದು. ನಿಮ್ಮ ತಂದೆ ಯಾವತ್ತಾದರೂ ಏನಾದರೂ ತೋರಿಸಿದ್ದರಾ? ಅಮ್ಮನ ಹತ್ತಿರ ನಿಧಾನಕ್ಕೆ ಕೇಳಿ ನೋಡಿ.

ಇನ್ನೊಂದು. ಆ ನೀರು ಲೆಕ್ಕಕ್ಕೆ ಬರಲಿಲ್ಲ ಅಂತಲೇ ಇಟ್ಟುಕೊಂಡರೂ ಕತೆ ಅಲ್ಲಿಗೆ ಮುಗಿಯೋದಿಲ್ಲ. ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1257ನೇ ಕಂಡಿಕೆಯ ತಾತ್ಪರ್ಯ ಹೀಗೆ: ದೇವರು ಜೀವೋದ್ಧಾರವನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತನ್ನನ್ನು ತಾನು ಕಟ್ಟಿಕೊಂಡಿಲ್ಲ. ದೀಕ್ಷೆಗೆ ಸಿದ್ಧವಾಗುತ್ತಾ ಸತ್ತವನಿಗೆ ಆಸೆಯೇ ದೀಕ್ಷಾಸ್ನಾನ. ಇದು ಇತ್ತೀಚಿನ ರಿಯಾಯಿತಿ ಅಂದುಕೊಳ್ಳಬೇಡಿ. 392ರಲ್ಲಿ ರೋಮನ್ ಚಕ್ರವರ್ತಿ ಎರಡನೇ ವ್ಯಾಲೆಂಟೀನಿಯನ್ ದೀಕ್ಷೆ ಆಗದೆಯೇ ಸತ್ತ. ಮಿಲಾನಿನ ಬಿಷಪ್ ಅಂಬ್ರೋಸರನ್ನ ಅದಕ್ಕೇ ಬರಹೇಳಿದ್ದ, ಅವರು ಮುಟ್ಟುವ ಮೊದಲೇ ಹೋದ. ಅಂಬ್ರೋಸರು ಅವನ ಅಕ್ಕತಂಗಿಯರ ಎದುರು ಹೇಳಿದ್ದು ಇಷ್ಟು: ಕೇಳಿದ್ದನಲ್ಲ, ಕೇಳಿದ್ದರಿಂದ ಪಡೆದ.

ಹೊಳೆಗಿಳಿದವ

ಪ್ರೈಸ್ ದ ಲಾರ್ಡ್. ಮೊದಲು ತಂದೆಯವರ ಅಗಲಿಕೆಗೆ ನನ್ನ ಸಂತಾಪ. ತಮ್ಮ ಹೇಳಿದ ರೀತಿ ತಪ್ಪು, ಸಾವಿನ ಮನೆಯಲ್ಲಿ ಹಾಗೆ ಮಾತಾಡಬಾರದು. ಹೇಳಿದ ವಿಷಯ ಮಾತ್ರ ತಪ್ಪಲ್ಲ.

ನಾನು ಭದ್ರಾವತಿಯವನು. ತಾತ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತಮಿಳುನಾಡಿನಿಂದ ಬಂದವರು, ಕ್ಯಾಥೊಲಿಕ್ ಮನೆತನ. ನಲವತ್ತು ದಿನದ ಕೂಸಿಗೆ ನೀರು ಹಾಕಿಸಿದ್ದರು. ನನಗೆ ಅದರ ನೆನಪೂ ಇಲ್ಲ, ಅದರಿಂದ ನಾನು ಬದಲಾಗಲೂ ಇಲ್ಲ. ಕುಡಿತ, ಇಸ್ಪೀಟು, ಎಲ್ಲಾ ಇತ್ತು. 24ನೇ ವಯಸ್ಸಿಗೆ ಕರ್ತನನ್ನ ನಂಬಿದೆ, ಭದ್ರಾ ಹೊಳೆಯಲ್ಲಿ ಮುಳುಗಿ ಎದ್ದೆ. ಮಾರ್ಕ 16:16ರಲ್ಲಿ ಕ್ರಮ ನೋಡಿ. ಮೊದಲು ನಂಬುವುದು, ಆಮೇಲೆ ದೀಕ್ಷಾಸ್ನಾನ. ಅದೇ ವಚನದ ಎರಡನೇ ಅರ್ಧದಲ್ಲಿ 'ನಂಬದವನು' ಅಂತ ಮಾತ್ರ ಇದೆ, 'ದೀಕ್ಷಾಸ್ನಾನ ಇಲ್ಲದವನು' ಅಂತ ಇಲ್ಲ. ಶಿಲುಬೆ ಮೇಲಿನ ಕಳ್ಳನಿಗೆ ಯಾರು ನೀರು ಹಾಕಿದರು? 'ಈ ಹೊತ್ತೇ ನನ್ನ ಸಂಗಡ ಇರುವಿ' ಅಂದರು ಯೇಸು. ನಿಮ್ಮ ತಂದೆ ನಂಬಿದ್ದರೆ ಬಾಟ್ಲಿಗಿಂತ ಮೊದಲೇ ರಕ್ಷಣೆ ಆಗಿದೆ. ನಂಬಿರದಿದ್ದರೆ ಇಡೀ ಗಾಜನೂರು ಡ್ಯಾಮ್ ಹೊಯ್ದರೂ ಅಷ್ಟೇ.

ಕೊನೇಬೆಂಚು

@ಹೊಳೆಗಿಳಿದವ ಅಣ್ಣ, ಬೇಜಾರಿಲ್ಲ. ಒಂದು ಮಾತ್ರ ಅರ್ಥ ಆಗಲಿಲ್ಲ. ನೀರಿನಿಂದ ಏನೂ ಆಗಲ್ಲ ಅಂತೀರಿ. ಅದೇ ತಮ್ಮ ನನಗೆ ನಾಲ್ಕು ವರ್ಷದಿಂದ 'ನಿನಗೆ ಆಗಿದ್ದು ಲೆಕ್ಕಕ್ಕಿಲ್ಲ, ಹೊಳೆಗೆ ಬಾ' ಅಂತ ಜೀವ ತಿನ್ನುತ್ತಿದ್ದಾನೆ. ಏನೂ ಆಗದ ನೀರಿಗೆ ಇಷ್ಟು ಒತ್ತಾಯ ಯಾಕೆ?

ಬಾಸೆಲ್ ಹೆಂಚು

ಈ ಪ್ರಶ್ನೆಗೆ ಹತ್ತು ಲೈಕ್!

ಹೊಳೆಗಿಳಿದವ

ಆಜ್ಞೆ ಅದು, ಅದಕ್ಕೆ. ಮತ್ತಾಯ 28:19. ರಕ್ಷಣೆ ಪಡೆಯೋಕೆ ಮುಳುಗೋದಲ್ಲ, ರಕ್ಷಣೆ ಆದವನು ವಿಧೇಯನಾಗಿ ಮುಳುಗುತ್ತಾನೆ. ಹಳೇ ಮನುಷ್ಯನನ್ನ ಹೂಳೋದು, ಹೊಸಬನಾಗಿ ಏಳೋದು, ರೋಮಾಪುರ 6. ಹೂಳುವಾಗ ತಲೆ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಿಡ್ತೀವಾ? ಪೂರ್ತಿ ಮುಚ್ಚಬೇಕಲ್ಲ. ಗ್ರೀಕಿನ ಮೂಲ ಪದಕ್ಕೂ ಅದ್ದು, ಮುಳುಗಿಸು ಅಂತಲೇ ಅರ್ಥ. ಮತ್ತೆ ನಂದು ಎರಡನೇ ದೀಕ್ಷಾಸ್ನಾನ ಅಲ್ಲ, ಮೊದಲನೇದು. ಕೂಸಿಗೆ ಮಾಡಿದ್ದು ತಲೆ ಒದ್ದೆ ಮಾಡಿದ್ದು.

ಅಡಿಕೆಸಿಪ್ಪೆ

ಮಧ್ಯೆ ಬಾಯಿ ಹಾಕ್ತಿದೀನಿ, ನಾನು ನಿಮ್ಮವನಲ್ಲ, ತೀರ್ಥಹಳ್ಳಿ ಪೇಟೆಯವನು. 'ತುಂಗಾ ಪಾನ, ಗಂಗಾ ಸ್ನಾನ' ಅಂತ ಹಿರಿಯರು ಹೇಳಿದ್ದಾರೆ. ನಮ್ಮ ಹೊಳೆ ಇರೋದು ಕುಡಿಯೋಕೆ ಮಾರಾಯ್ರೆ, ನೀವು ಮುಳುಗಿಸ್ತಿದೀರಿ! ತಮಾಷೆಗೆ ಹೇಳಿದ್ದು. ನಿಜವಾಗಿ ಕೇಳೋದು ಇದು: ಇಲ್ಲಿ ರಾಮತೀರ್ಥದಲ್ಲಿ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ತೊಳೆದುಹೋಯ್ತು ಅಂತ ಕತೆ. ಎಳ್ಳಮಾಸೆಗೆ ಸಾವಿರಾರು ಜನ ಮೀಯುತ್ತಾರೆ. ನಿಮ್ಮದೂ ಹಾಗೇ ಪಾಪ ತೊಳೆಯೋದಾ? ಹಾಗಿದ್ದರೆ ಒಂದೇ ಸಲ ಯಾಕೆ, ನಮ್ಮ ಹಾಗೆ ವರ್ಷಾ ವರ್ಷ ಮೀಯಬಹುದಲ್ಲ?

ನಿವೃತ್ತ ಉಪದೇಶಿ

ಒಳ್ಳೆ ಪ್ರಶ್ನೆ ಸ್ವಾಮಿ. ತೊಳೆಯೋದು ಹೌದು, ಜೊತೆಗೆ ಹುಟ್ಟೋದು. ಯೊವಾನ್ನ 3:5, ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕು. ತೊಳೆಯೋದನ್ನ ಎಷ್ಟು ಸಲವಾದರೂ ಮಾಡಬಹುದು, ಹುಟ್ಟೋದು ಒಂದೇ ಸಲ. ಆಮೇಲೆ ಮಾಡಿದ ಪಾಪಕ್ಕೆ ಪಾಪನಿವೇದನೆ ಅಂತ ಬೇರೆ ಸಂಸ್ಕಾರ ಇದೆ. 1 ಪೇತ್ರ 3:21 ಬಿಡಿಸಿಯೇ ಹೇಳುತ್ತದೆ: ಇದು ಮೈ ಕೊಳೆ ಕಳೆಯೋದಲ್ಲ, ಒಳ್ಳೇ ಮನಸ್ಸಾಕ್ಷಿಯಿಂದ ದೇವರ ಕಡೆ ತಿರುಗೋದು. ಅದೇ ವಚನದಲ್ಲಿ 'ದೀಕ್ಷಾಸ್ನಾನ ನಿಮ್ಮನ್ನು ರಕ್ಷಿಸುತ್ತದೆ' ಅಂತಲೂ ಇದೆ. ಹೊಳೆಗಿಳಿದ ತಮ್ಮ ಈ ವಚನದ ಹತ್ತಿರ ಬರಲೇ ಇಲ್ಲ, ಗಮನಿಸಿದಿರಾ?

ಇನ್ನು ಮುಳುಗುವ ಲೆಕ್ಕ. ಅಪೊಸ್ತಲರ ಕಾಲಕ್ಕೆ ಬಹಳ ಹತ್ತಿರದ್ದು ಅಂತ ಒಪ್ಪಿರುವ 'ದಿದಾಖೆ' ಅಂತ ಒಂದು ಪುಟ್ಟ ಬೋಧೆ ಇದೆ, ಅದರ ಪ್ರತಿ ಸಿಕ್ಕಿದ್ದು 1873ರಲ್ಲಿ. ಅದರ 7ನೇ ಅಧ್ಯಾಯ ಓದಿದರೆ ಮಲೆನಾಡಿನವರೇ ಬರೆದ ಹಾಗಿದೆ. ಹರಿಯೋ ನೀರಲ್ಲಿ ಕೊಡಿ. ಅದಿಲ್ಲದಿದ್ದರೆ ಬೇರೆ ನೀರಲ್ಲಿ. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆ ಮೇಲೆ ಮೂರು ಸಲ ಹೊಯ್ಯಿರಿ. ಅಮ್ಮ ಮಾಡಿದ್ದು ಕೊನೇದು.

ಬಾಸೆಲ್ ಹೆಂಚು

ಉಪದೇಶಿಗಳೇ, ಆ 3:21 ನಮಗೂ ಬೇಕು, ಪೂರ್ತಿ ಕ್ಯಾಥೊಲಿಕರ ಖಾತೆಗೆ ಹಾಕಿಕೊಳ್ಳಬೇಡಿ :) ಪ್ರೊಟೆಸ್ಟಂಟ್ ಅಂದ ಕೂಡಲೇ 'ನೀರು ಬರೀ ಗುರುತು' ಅನ್ನುವವರು ಅಂದುಕೊಳ್ತಾರೆ. ಪ್ರೊಟೆಸ್ಟಂಟರ ಮೊದಲ ಗುರು ಲೂಥರ್ 1529ರ ಚಿಕ್ಕ ಪ್ರಶ್ನೋತ್ತರಿಯಲ್ಲಿ ದೀಕ್ಷಾಸ್ನಾನ ಪಾಪಕ್ಷಮೆ ತರುತ್ತದೆ, ನಂಬುವವರಿಗೆ ನಿತ್ಯ ರಕ್ಷಣೆ ಕೊಡುತ್ತದೆ ಅಂತಲೇ ಬರೆದ. ಮಾಡುವುದು ನೀರಲ್ಲ, ನೀರಿನ ಜೊತೆಗಿರುವ ದೇವರ ವಾಕ್ಯ, ಅದನ್ನ ಹಿಡಿದುಕೊಳ್ಳುವ ನಂಬಿಕೆ ಅಂತ ಅವನ ವಿವರಣೆ. ಬರೀ ಗುರುತು ಅಂದವನು ಅದೇ ಕಾಲದ ಇನ್ನೊಬ್ಬ ಸುಧಾರಕ, ಜ್ಯೂರಿಕ್‌ನ ಜ್ವಿಂಗ್ಲಿ. ತಮಾಷೆ ಅಂದರೆ ಮಕ್ಕಳ ದೀಕ್ಷಾಸ್ನಾನವನ್ನ ಅವನೂ ಬಿಡಲಿಲ್ಲ. ಬಿಟ್ಟ ಅವನ ಶಿಷ್ಯರು 1525ರ ಜನವರಿಯಲ್ಲಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಎರಡು ವರ್ಷಕ್ಕೆ ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನ ನಗರ ಸಭೆಯವರು ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಮುಳುಗಬೇಕಿತ್ತಲ್ಲ, ಮುಳುಗು, ಅಂತ. ನೀರಿನ ಜಗಳಕ್ಕೆ ಹೆಣ ಬಿದ್ದ ಚರಿತ್ರೆ ನಮ್ಮದು, ನಾವು ಯಾರೂ ಸಾಚಾ ಅಲ್ಲ.

ಎನ್.ಆರ್.ಪುರ ರಬ್ಬರ್

ನಾವು ಸುರಿಯಾನಿ ಆರ್ಥೊಡಾಕ್ಸ್, ಮಲಯಾಳಿಗಳು. ನನ್ನ ಕನ್ನಡ ತಪ್ಪಿದ್ದರೆ ತಿದ್ದಿ. ನಮ್ಮಲ್ಲಿ ಇದಕ್ಕೆ ಮಾಮೋದೀಸ ಅಂತಾರೆ. ಕೂಸಿಗೆ ಮಾಮೋದೀಸ, ಮೂರೋನ್ ಅನ್ನುವ ಪವಿತ್ರ ತೈಲದ ಲೇಪನ, ಕುರ್ಬಾನ (ಪ್ರಸಾದ), ಮೂರೂ ಒಂದೇ ದಿನ. ಕೂಸಿಗೆ ತಿಳಿವಳಿಕೆ ಎಲ್ಲಿದೆ ಅಂತ ಕೇಳ್ತಾರೆ. ತಿಳಿದ ಮೇಲೇ ಊಟ ಅಂತ ಯಾವ ತಾಯಿಯಾದರೂ ಕಾಯ್ತಾಳಾ? ನಾವು ಇದನ್ನ ಕೋರ್ಟಿನ ತೀರ್ಪಿನ ಹಾಗೆ ನೋಡಲ್ಲ, ಔಷಧದ ಹಾಗೆ ನೋಡ್ತೀವಿ. ಅಷ್ಟೇ.

ಹೆಸರು ಬೇಡ

ಎಲ್ಲರೂ ಬೈಬಲಿನಲ್ಲೇ ಇದ್ದೀರಿ. ಸ್ವಲ್ಪ ತಾಲ್ಲೂಕು ಆಫೀಸಿಗೆ ಬನ್ನಿ.

ನಾವು ಪರಿಶಿಷ್ಟ ಜಾತಿಯವರು. ಅಮ್ಮ ಹದಿನೈದು ವರ್ಷದಿಂದ ಪ್ರಾರ್ಥನೆಗೆ ಹೋಗ್ತಾರೆ, ದೀಕ್ಷಾಸ್ನಾನ ತಗೊಂಡಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಷ್ಟೇ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರನ್ನ ಸೇರಿಸಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೂಸಿದ್ದಾಗ ಆದ ದೀಕ್ಷಾಸ್ನಾನವನ್ನೂ ಚರ್ಚಿಗೆ ಹೋಗುವುದನ್ನೂ ನೋಡಿ ಜಾತಿ ಪ್ರಮಾಣಪತ್ರ ಇಲ್ಲ ಅಂದಿತು. ಅಂದರೆ ಸರಕಾರಕ್ಕೆ ದೀಕ್ಷಾಸ್ನಾನ ಖಂಡಿತ ಬರೀ ಗುರುತಲ್ಲ! ನನ್ನ ತಂಗಿಯ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಎಲ್ಲಾ ಆ ಒಂದು ಕಾಗದದ ಮೇಲೆ ನಿಂತಿದೆ. ಪಾಸ್ಟರು ಅಮ್ಮನಿಗೆ 'ನಂಬಿಕೆ ಇದ್ದರೆ ನೀರಿಗೆ ಹೆದರಬಾರದು' ಅಂತಾರೆ. ಹೆದರಿಕೆ ಅಮ್ಮನಿಗೆ ನೀರಿನದಲ್ಲ.

ಕೊನೇಬೆಂಚು ಅವರ ಅಪ್ಪ ನನಗೆ ಅರ್ಥ ಆಗ್ತಾರೆ.

ಬಾಸೆಲ್ ಹೆಂಚು

@ಹೆಸರು ಬೇಡ, ಈ ಪ್ರಶ್ನೆಯನ್ನ ದೊಡ್ಡ ದೊಡ್ಡವರೇ ಬಿಡಿಸಲಾರದೆ ಬಿಟ್ಟಿದ್ದಾರೆ. 1970ರ ದಶಕದ ಶುರುವಿನಲ್ಲಿ ಕೇರಳದ ಕ್ರೈಸ್ತ ಚಿಂತಕ ಎಂ.ಎಂ. ಥಾಮಸ್ ಮತ್ತು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಬಿಷಪ್ ಲೆಸ್ಲಿ ನ್ಯೂಬಿಗಿನ್ ನಡುವೆ ಇದೇ ವಾದ ನಡೆದಿತ್ತು. ನಮ್ಮ ದೇಶದಲ್ಲಿ ದೀಕ್ಷಾಸ್ನಾನ ಅಂದರೆ ಒಂದು ಕೋಮು ಬಿಟ್ಟು ಇನ್ನೊಂದಕ್ಕೆ ಸೇರೋದು ಅಂತಾಗಿದೆ, ಹಾಗಾಗಿ ಅದರ ಆಚೆಗೂ ಕ್ರಿಸ್ತನಲ್ಲಿ ಸಹವಾಸ ಸಾಧ್ಯ ಅಂದರು ಥಾಮಸ್. ಕಣ್ಣಿಗೆ ಕಾಣುವ ಸಭೆ ಇಲ್ಲದೆ ಅದು ನಿಲ್ಲೋದಿಲ್ಲ ಅಂದರು ನ್ಯೂಬಿಗಿನ್. ಅದಕ್ಕೂ ಮೊದಲು ನಮ್ಮ ಕರಾವಳಿಯಲ್ಲೇ, 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತ್ತು. ಅವರು ಮಿಷನ್ನಿನವರ ಹತ್ತಿರ ಓದಿದ್ದಕ್ಕೆ ಅಷ್ಟು ಗದ್ದಲ ಆಗಿರಲಿಲ್ಲ, ನೀರು ತಲೆ ಮುಟ್ಟಿದಾಗ ಆಯ್ತು.

ಅಡಿಕೆಸಿಪ್ಪೆ

ಹಂಗಾದ್ರೆ ನನಗೊಂದು ಹೊಳೀತು. ನಾವು ಕಾಗೋಡು ಸತ್ಯಾಗ್ರಹದ ಜಿಲ್ಲೆಯವರು. ಉಳುವವನೇ ಹೊಲದೊಡೆಯ. ಕೊನೇಬೆಂಚು ಅವರ ಅಪ್ಪ ಮೂವತ್ತು ವರ್ಷ ಉತ್ತರು. ಪಹಣಿಯಲ್ಲಿ ಹೆಸರಿಲ್ಲ ಅಂತ ಹೊಲ ಇಲ್ಲ ಅಂತೀರಾ?

ನಿವೃತ್ತ ಉಪದೇಶಿ

ಹ್ಹಹ್ಹ. ಆದರೆ ಸ್ವಾಮಿ, 1979ರ ಜೂನ್ 30ರೊಳಗೆ ಭೂಸುಧಾರಣೆಯ ಅರ್ಜಿ ಫಾರಂ 7 ಹಾಕದ ಗೇಣಿದಾರರು ಎಷ್ಟು ಜನ ಕೈಕೈ ಹಿಸುಕಿಕೊಂಡರು, ನೆನಪು ಮಾಡಿಕೊಳ್ಳಿ. ನಮ್ಮ ಮಾವನೇ ಒಬ್ಬರು. ಉತ್ತಿದ್ದು ಹೌದು, ಅರ್ಜಿ ಹಾಕಬೇಕಾಗಿದ್ದೂ ಹೌದು.

ಬಾಸೆಲ್ ಹೆಂಚು

ಇಬ್ಬರೂ ನಿಲ್ಲಿ. ಚೆನ್ನಾಗಿದೆ ಹೋಲಿಕೆ, ಆದರೆ ಬುಡದಲ್ಲೇ ತಪ್ಪು. ಉತ್ತಿದ್ದಕ್ಕೆ ಸಿಗೋ ಹೊಲ ಅಲ್ಲ ಇದು. ತೀತ 3:5, ನಾವು ಮಾಡಿದ ಪುಣ್ಯಕಾರ್ಯದಿಂದಲ್ಲ, ಆತನ ಕರುಣೆಯಿಂದ. ಮೂವತ್ತು ವರ್ಷ ಕೂತರೂ ಗೇಣಿ ಹಕ್ಕು ಬರಲ್ಲ, ಮೂವತ್ತು ಸೆಕೆಂಡ್ ಕೂತವನಿಗೂ ಸಿಗಬಹುದು. ಸಂಬಳದ ಲೆಕ್ಕ ಬಿಟ್ಟು ಹೆತ್ತವರ ಮನೆ ಲೆಕ್ಕ ಹಿಡಿದರೆ ಮಾತ್ರ ಕೂಸಿನ ದೀಕ್ಷಾಸ್ನಾನಕ್ಕೆ ಅರ್ಥ. ಏನೂ ಮಾಡಲಾಗದವರಿಗೂ ಪಾಲಿದೆ ಅಂತ ತಾನೆ ಅದು ಹೇಳೋದು? ನನ್ನ ಮಟ್ಟಿಗೆ ಪ್ರಜ್ಞೆ ಇಲ್ಲದೆ ಮಲಗಿದ್ದ ಆ ಹಿರಿಯರಿಗೂ, ಕೂಸಿಗೂ ವ್ಯತ್ಯಾಸ ಕಾಣಲ್ಲ.

ಹೊಳೆಗಿಳಿದವ

ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ವಿಷಯ ಯಾರೂ ಎತ್ತಲಿಲ್ಲ. ಅಪೊಸ್ತಲರ ಕೃತ್ಯಗಳು 10. ಪೇತ್ರ ಮಾತಾಡ್ತಿದ್ದಾಗಲೇ ಪವಿತ್ರಾತ್ಮ ಇಳಿದ, ಆಮೇಲೆ ನೀರು ತರಿಸಿದರು. ಆತ್ಮ ಮೊದಲು, ನೀರು ಆಮೇಲೆ.

ನಿವೃತ್ತ ಉಪದೇಶಿ

ಆದರೂ ತರಿಸಿದರಲ್ಲ ತಮ್ಮ? 'ಆತ್ಮ ಬಂದಾಯ್ತು, ನೀರ್ಯಾಕೆ' ಅಂತ ಪೇತ್ರ ಅನ್ನಲಿಲ್ಲ. ಅದೇ ಪುಸ್ತಕದ 2:38ರಲ್ಲಿ ಅದೇ ಪೇತ್ರ ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಅಂದಿದ್ದಾನೆ. ದೇವರು ಕ್ರಮ ತಪ್ಪಿಸಬಹುದು, ನಾವು ತಪ್ಪಿಸೋ ಹಾಗಿಲ್ಲ.

ನಿರ್ವಾಹಕ

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮತಾಂತರದ ರಾಜಕೀಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಕಿತ್ತಾಡಿ. ಇಲ್ಲಿ ಒಬ್ಬರ ಮನೆಯ ಸಾವಿದೆ.

ಕೊನೇಬೆಂಚು

ಎಲ್ಲರಿಗೂ ಧನ್ಯವಾದ. ಉಪದೇಶಿ ಸರ್ ಹೇಳಿದ ಹಾಗೆ ಅಮ್ಮನನ್ನ ಕೇಳಿದೆ, ಅಪ್ಪ ಯಾವತ್ತಾದರೂ 'ಬೇಕು' ಅಂತ ತೋರಿಸಿದ್ದರಾ ಅಂತ. ಅಮ್ಮ 'ಇಲ್ಲ, ಒಂದು ದಿನವೂ ಕೇಳಲಿಲ್ಲ' ಅಂದು ಅಡುಗೆಮನೆಗೆ ಹೋದರು. ನನಗೆ ಕೇಳಿದ್ದೇ ತಪ್ಪಾಯ್ತು ಅನ್ನಿಸಿತು.

ಅರ್ಧ ಗಂಟೆ ಬಿಟ್ಟು ಬಂದು ಹೇಳಿದರು. ಪಾಸ್ಖ ಜಾಗರಣೆ (ಈಸ್ಟರ್ ಹಿಂದಿನ) ರಾತ್ರಿ ಮೇಣದಬತ್ತಿ ಹಿಡಿದು ದೀಕ್ಷಾಸ್ನಾನದ ವಾಗ್ದಾನ ಮತ್ತೆ ಹೇಳುತ್ತೇವಲ್ಲ, 'ಸೈತಾನನನ್ನು ತ್ಯಜಿಸುತ್ತೀರಾ', 'ದೇವರನ್ನು ವಿಶ್ವಾಸಿಸುತ್ತೀರಾ' ಅಂತ ಫಾದರ್ ಕೇಳೋದು. ಅಪ್ಪ ಪ್ರತಿ ವರ್ಷ ಕೊನೇ ಬೆಂಚಲ್ಲಿ ಎದ್ದು ನಿಂತು, ಬತ್ತಿ ಹಿಡಿದು, ಎಲ್ಲದಕ್ಕೂ ಉತ್ತರ ಹೇಳುತ್ತಿದ್ದರಂತೆ, ಗಟ್ಟಿಯಾಗಿ. ಅಮ್ಮನಿಗೆ ಒಂದು ವರ್ಷ ನಗು ಬಂದು, ಮನೆಗೆ ಬರುವಾಗ ಕೇಳಿದ್ದರು: 'ನಿಮಗೆ ಆಗಿದ್ದೇ ಇಲ್ಲ, ಮತ್ತೆಂಥದ್ದನ್ನ ಮತ್ತೆ ಹೇಳೋದು?' ಅಪ್ಪ ಅಂದಿದ್ದು, 'ನಿಮಗೆ ಮತ್ತೆ, ನನಗೆ ಮೊದಲು.'

ಅಮ್ಮ ಇದನ್ನ ತಮಾಷೆ ಅಂತಲೇ ಇಷ್ಟು ವರ್ಷ ಇಟ್ಟುಕೊಂಡಿದ್ದರು.

ನೈಟ್‌ಡ್ಯೂಟಿ

ಓದಿ ಸುಮ್ಮನೆ ಕೂತೆ ಅಣ್ಣ.

ನಿವೃತ್ತ ಉಪದೇಶಿ

ಇದೇ ನಾನು ಕೇಳಿದ್ದು. ಇದನ್ನ ನಿಮ್ಮ ಫಾದರ್ ಹತ್ತಿರ ಹೀಗೇ ಹೇಳಿ, ಒಂದು ಪದ ಬಿಡಬೇಡಿ. ತುರ್ತಿನಲ್ಲಿ ಕೊಟ್ಟ ದೀಕ್ಷಾಸ್ನಾನವನ್ನ ಧರ್ಮಕೇಂದ್ರಕ್ಕೆ ತಿಳಿಸಿ ರಿಜಿಸ್ಟರಿನಲ್ಲಿ ಬರೆಸಬೇಕು, ಆಗಲೇ ಬರೆಸಬೇಕಿತ್ತು.

ಹೊಳೆಗಿಳಿದವ

ರೋಮಾಪುರ 10:9. ಬಾಯಿಂದ ಒಪ್ಪಿಕೊಂಡು ಹೃದಯದಿಂದ ನಂಬಿದರೆ ರಕ್ಷಣೆ. ಅವರು ವರ್ಷಾ ವರ್ಷ ಬಾಯಿಬಿಟ್ಟು ಹೇಳಿದ್ದಾರೆ. ನನಗೆ ಬೇರೆ ಸಾಕ್ಷಿ ಬೇಡ. ಬಾಟ್ಲಿ ಬೇಕಿರಲಿಲ್ಲ ಅಂತ ಈಗಲೂ ಹೇಳ್ತೀನಿ ಉಪದೇಶಿಗಳೇ, ಆದರೆ ಅಮ್ಮನ ಎದುರು ಹೇಳಲ್ಲ.

ನಿವೃತ್ತ ಉಪದೇಶಿ

ನಾನು ಬೇಕಿತ್ತು ಅಂತಲೇ ಹೇಳ್ತೀನಿ. ಕೇಳಿದವನಿಗೆ ಕೊಡಬೇಕಲ್ಲ.

ಹೆಸರು ಬೇಡ

ನನ್ನ ಅಮ್ಮನಿಗೆ ಇದನ್ನ ಓದಿ ಹೇಳಿದೆ. 'ಬಾಗಿಲ ಪಕ್ಕದ ಬೆಂಚಾ?' ಅಂತ ಕೇಳಿದರು.

ಕೊನೇಬೆಂಚು

ಕೊನೇ ಅಪ್‌ಡೇಟ್. ನಿನ್ನೆ ಫಾದರ್ ಮನೆಗೆ ಬಂದಿದ್ದರು. ಅಮ್ಮನನ್ನ ಮೂರು ಕೇಳಿದರು. ನೀರು ಹಣೆ ಮೇಲೆ ಹರಿಯಿತಾ, ಯಾವ ಮಾತು ಹೇಳಿದಿರಿ, ಆಗ ಉಸಿರಿತ್ತಾ. ಮೊದಲ ಎರಡಕ್ಕೆ ಅಮ್ಮ ಥಟ್ ಅಂತ ಹೇಳಿದರು. ಮೂರನೆಯದಕ್ಕೆ ತುಂಬಾ ಹೊತ್ತು ತಗೊಂಡು, 'ನೀರು ತಣ್ಣಗಿತ್ತು, ಹುಬ್ಬು ಗಂಟು ಹಾಕಿದರು' ಅಂದರು. ಫಾದರ್ ಬರೆದುಕೊಂಡರು. ದೀಕ್ಷೆಯ ಹೆಸರು ಏನಂತ ಹಾಕೋಣ ಅಂತ ಕೇಳಿದ್ದಕ್ಕೆ ಅಮ್ಮ, ಮೂವತ್ತೆಂಟು ವರ್ಷದಲ್ಲಿ ನಮ್ಮೆದುರು ಒಮ್ಮೆಯೂ ಬಾಯಿಬಿಟ್ಟು ಹೇಳದ ಅಪ್ಪನ ಹೆಸರನ್ನೇ ಹೇಳಿದರು.